ಮನೆ ಕೊಟ್ಟವರು, ಕೆಲಸ ಕೊಡಿಸುವವರು

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯ ಊರಂಚುಗಳಲ್ಲಿ ನಡೆದರೆ ನಮ್ಮ ಸರ್ಕಾರಗಳು ಬಡವರಿಗೆ ಮನೆ ಕೊಟ್ಟ ಚರಿತ್ರೆ ಸಾಲುಸಾಲಾಗಿ ಕಾಣುತ್ತದೆ. ದೇವರಾಜ ಅರಸರ ಕಾಲದ ಜನತಾ ಮನೆ, 1991-92ರಿಂದ ಬಂದ ಆಶ್ರಯ ಮನೆ, 2010ರ ಬಸವ ವಸತಿ, 2016ರ ಪ್ರಧಾನ ಮಂತ್ರಿ ಆವಾಸ್. ಯೋಜನೆಯ ಹೆಸರು ಬದಲಾಗಿದೆ, ಹೆಂಚು ಹೋಗಿ ಆರ್‌ಸಿಸಿ ಬಂದಿದೆ. ಜಾಗ ಮಾತ್ರ ಹೆಚ್ಚಾಗಿ ಊರಾಚೆಯದೇ. ಈ ಮನೆಗಳಲ್ಲಿರುವವರಿಗೆ ಕೆಲಸದ ದಾರಿ ತೋರಿಸುತ್ತೇವೆಂದು ಕಳೆದ ಮೂರು ದಶಕಗಳಲ್ಲಿ ಸ್ವಯಂಸೇವಾ ಸಂಸ್ಥೆಗಳು, ಸ್ತ್ರೀಶಕ್ತಿ ಗುಂಪುಗಳು, ಸಂಜೀವಿನಿ ಒಕ್ಕೂಟಗಳು, ತರಬೇತಿ ಕೇಂದ್ರಗಳು ಒಂದರ ಜೊತೆ ಒಂದು ಕೈಜೋಡಿಸಿವೆ. ಈ ಕೂಡುಕೆಲಸವನ್ನು ಹೊಗಳುವ ವರದಿಗಳು ಬೇಕಾದಷ್ಟಿವೆ, ತೂಗಿ ನೋಡಿದ್ದು ಕಡಿಮೆ. ನನ್ನ ತಕರಾರು ಇಷ್ಟೇ: ಇವರೆಲ್ಲ ಕೆಲಸದ ಮಾತಾಡುವಾಗ ಮನೆಯನ್ನು ಮರೆಯುತ್ತಾರೆ, ಮನೆ ಕೊಡುವವರು ಕೆಲಸವನ್ನು ಮರೆಯುತ್ತಾರೆ.

ರೇಷ್ಮೆಯಿಂದಲೇ ಶುರುಮಾಡಬೇಕು. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ನಾಲೆಯಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದ ಮೇಲೂ ಜನ ಇಲ್ಲಿ ಉಳಿದಿದ್ದರೆ ಅದಕ್ಕೆ ದೊಡ್ಡ ಕಾರಣ ಹಿಪ್ಪುನೇರಳೆ ಮತ್ತು ಹಾಲು. ರೇಷ್ಮೆಹುಳು ಸಾಕುವುದು ಮೂಲದಲ್ಲಿ ಮನೆಯೊಳಗಿನ ಕಸುಬು. ಹಳೆಯ ತೊಟ್ಟಿಮನೆಗಳಲ್ಲಿ ಹುಳು ನಡುಮನೆಯಲ್ಲಿರುತ್ತಿತ್ತು, ಮನೆಮಂದಿ ಜಗಲಿಯಲ್ಲಿ ಮಲಗುತ್ತಿದ್ದರು. ಹುಳು ಪೊರೆ ಕಳಚುವ ನಾಲ್ಕು ಜ್ವರ ದಾಟಿದ ಮೇಲಿನ ಒಂದು ವಾರ ಸೊಪ್ಪಿಗೆ ಹೊತ್ತುಗೊತ್ತಿಲ್ಲ. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಮಕ್ಕಳು, ಮುದುಕರು ಎಲ್ಲರ ಕೈಯೂ ಬೇಕು. ಇಂಥ ಕಸುಬಿನ ನಾಡಿನಲ್ಲಿ ಭೂಮಿ ಇಲ್ಲದವರಿಗೆ ನಾವು ಕೊಟ್ಟದ್ದು ಏನು? ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ, ಅಡುಗೆಮನೆಯೂ ಸೇರಿ. ಹಿಂದಿನ ಇಂದಿರಾ ಆವಾಸ್‌ನಲ್ಲಿ ಅದು 20 ಚದರ ಮೀಟರ್ ಇತ್ತು. ಇಷ್ಟರಲ್ಲಿ ಐದು ಜನ ಕಾಲು ಚಾಚಿದರೆ ಚಂದ್ರಿಕೆ ಒರಗಿಸಿಡಲು ಗೋಡೆ ಸಿಗುವುದಿಲ್ಲ.

ಹುಳುಮನೆ ಬೇರೆ ಕಟ್ಟಿಕೊಳ್ಳಲು ರೇಷ್ಮೆ ಇಲಾಖೆ ಸಹಾಯಧನ ಕೊಡುತ್ತದೆ, ನಿಜ. ಅದು ಹಿಪ್ಪುನೇರಳೆ ತೋಟ ಇರುವವರಿಗೆ. ತೋಟ ಇಲ್ಲದ, ಊರಾಚೆಯ ಈ ಮನೆಗಳ ಕಾಲೋನಿಯ ಹೆಣ್ಣುಮಗಳು ಇನ್ನೊಬ್ಬರ ತೋಟದಲ್ಲಿ ಸೊಪ್ಪು ಕೊಯ್ಯಬೇಕು, ಇನ್ನೊಬ್ಬರ ಹುಳುಮನೆಯಲ್ಲಿ ಗೂಡು ಬಿಡಿಸಬೇಕು, ಇಲ್ಲವೇ ಶಿಡ್ಲಘಟ್ಟದ ಫಿಲೇಚರಿಗೆ ಹೋಗಿ ಕುದಿನೀರಿನಲ್ಲಿ ಕೈಯಿಟ್ಟು ನೂಲು ಬಿಚ್ಚಬೇಕು. ಕಸುಬು ಅವಳಿಗೆ ಪೂರ್ತಿ ಗೊತ್ತು. ಆ ಕಸುಬಿನಲ್ಲಿ ಒಡೆತನದ ಒಂದು ಮೂಲೆ ಅವಳಿಗಿಲ್ಲ, ಏಕೆಂದರೆ ಅವಳ ಮನೆಯ ನಕ್ಷೆ ಬರೆದವರಿಗೆ ಅದು ಮಲಗುವ ಜಾಗವಾಗಿ ಮಾತ್ರ ಕಂಡಿತ್ತು. ಮುಂಗಡ ಪಡೆದು ಬಿಚ್ಚಾಣಿಕೆಗೆ ಕೂತ ಕುಟುಂಬಗಳ ಕಥೆ ಈ ಪಟ್ಟಣಕ್ಕೆ ಹೊಸದಲ್ಲ. ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಹೊರತಂದ ವರದಿಯಲ್ಲಿ ಕರ್ನಾಟಕದ ಹೆಸರೂ ಇತ್ತು. ‘ಕೆಲಸ ಸಿಕ್ಕಿತು’ ಎಂಬುದನ್ನೇ ಗೆಲುವೆಂದು ಎಣಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ಸೀಮೆಯಲ್ಲಿ ಕೆಲಸಕ್ಕೆ ಎಂದೂ ಬರವಿರಲಿಲ್ಲ. ಮರ್ಯಾದೆಯ ಕೂಲಿಗೆ, ಸಾಲದ ಹಂಗಿಲ್ಲದ ದುಡಿಮೆಗೆ ಬರವಿತ್ತು.

ಅಹಮದಾಬಾದಿನ ಸೇವಾ ಸಂಘಟನೆ ಮನೆಗೂ ದುಡಿಮೆಗೂ ಇರುವ ನಂಟನ್ನು ಬಹಳ ಮೊದಲೇ ಹಿಡಿಯಿತು. ಇಳಾ ಭಟ್ 1972ರಲ್ಲಿ ಕಟ್ಟಿದ ಆ ಸಂಘದ ಹೆಂಗಸರು ಬೀಡಿ, ಅಗರಬತ್ತಿ, ಹೊಲಿಗೆ ಎಂದು ಮನೆಯಲ್ಲೇ ದುಡಿಯುವವರು. ಅವರಿಗೆ ಮನೆಯೇ ಕಾರ್ಖಾನೆ ಎಂದು ಅರಿತು 1994ರಲ್ಲಿ ಮಹಿಳಾ ಹೌಸಿಂಗ್ ಟ್ರಸ್ಟ್ ಎಂಬ ಪ್ರತ್ಯೇಕ ಸಂಸ್ಥೆಯನ್ನೇ ಮಾಡಿಕೊಂಡರು. ಬೆಳಕಿನ ಕಿಟಕಿ, ನಲ್ಲಿ, ಕರೆಂಟು, ಇವೆಲ್ಲ ಆದಾಯದ ಪ್ರಶ್ನೆಗಳೆಂದು ಅವರು ವಾದಿಸಿದರು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ 2000ದಲ್ಲೇ ಬಂತು. ಅಡಿಪಾಯ, ಲಿಂಟಲ್, ಛಾವಣಿ ಎಂದು ಹಂತಹಂತದ ಫೋಟೋ ನೋಡಿ ಕಂತು ಬಿಡುವ ವ್ಯವಸ್ಥೆಯನ್ನು ಅದು ಚೆನ್ನಾಗಿಯೇ ಕಟ್ಟಿಕೊಂಡಿತು. ಆ ಫೋಟೋದಲ್ಲಿ ಗೋಡೆ ಕಾಣುತ್ತದೆ, ಗೋಡೆಯೊಳಗಿನ ದುಡಿಮೆ ಕಾಣುವುದಿಲ್ಲ.

ಇನ್ನು ಕೆಲಸ ಕೊಡಿಸುವವರ ಕಡೆ ಬರೋಣ. 2014ರಲ್ಲಿ ಶುರುವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಹಳ್ಳಿಯ ಬಡ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಅವರಲ್ಲಿ ಕನಿಷ್ಠ ಶೇ 70 ಮಂದಿಯನ್ನು ಕೆಲಸಕ್ಕೆ ಸೇರಿಸಬೇಕೆಂಬ ಷರತ್ತು ಹಾಕಿತು. ಷರತ್ತು ಒಳ್ಳೆಯದೇ. ಆದರೆ ತರಬೇತಿ ಸಂಸ್ಥೆಯ ಲೆಕ್ಕ ಮೂರು ತಿಂಗಳ ಸಂಬಳದ ಚೀಟಿಗೆ ಮುಗಿದುಹೋಗಬಹುದು, ಹುಡುಗಿಯ ಲೆಕ್ಕ ಅಲ್ಲಿ ಶುರುವಾಗುತ್ತದೆ. ಸಾದಲಿಯಂಥ ಕಡೆಯಿಂದ ದೇವನಹಳ್ಳಿಯ ಕಡೆಗೋ, ಗೌರಿಬಿದನೂರಿನ ಕೈಗಾರಿಕಾ ಪ್ರದೇಶಕ್ಕೋ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೋ ಹೋಗುವವಳು ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದಳು, ಮಗುವನ್ನು ಯಾರ ಬಳಿ ಬಿಟ್ಟಳು, ರಾತ್ರಿ ಬಸ್ಸಿಳಿದ ಮೇಲೆ ಕಾಲೋನಿಯ ತನಕ ದೀಪವಿತ್ತೇ ಎಂಬುದು ಯಾವ ನಮೂನೆಯಲ್ಲೂ ಇಲ್ಲ. ಹೇಳಲೇಬೇಕಾದ ಇನ್ನೊಂದು: ಜಿಲ್ಲೆಯ ಈ ಭಾಗದಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು, ಶಾಲೆಯ ಮಾತು ಕನ್ನಡ. ಕಂಪ್ಯೂಟರಿನ ಮುಂದೆ ಕೂರಿಸಿ ಇಂಗ್ಲಿಷಿನ ಪಾಠ ಒಪ್ಪಿಸಿದರೆ ಚುರುಕಾದ ಹುಡುಗಿಯೂ ದಡ್ಡಿಯಂತೆ ಕಾಣುತ್ತಾಳೆ.

ಇದಕ್ಕೆ ಹೋಲಿಸಿದರೆ ಉಜಿರೆಯ ರುಡ್‌ಸೆಟ್ ಮಾದರಿ ಗಟ್ಟಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ 1982ರಲ್ಲಿ ಆರಂಭಿಸಿದ ಈ ಸಂಸ್ಥೆ ಊಟ ವಸತಿ ಕೊಟ್ಟು ಉಚಿತವಾಗಿ ಕಲಿಸಿತು. ಅದಕ್ಕಿಂತ ಮುಖ್ಯವಾಗಿ, ಕಲಿತವರ ಬೆನ್ನಿಗೆ ಎರಡು ವರ್ಷ ನಿಂತು ಬ್ಯಾಂಕಿನ ಸಾಲದ ತನಕ ಕರೆದೊಯ್ಯುವ ಪದ್ಧತಿ ಇಟ್ಟುಕೊಂಡಿತು. ಅದನ್ನೇ ನೋಡಿ ಕೇಂದ್ರ ಸರ್ಕಾರ ಜಿಲ್ಲೆಗೊಂದು ಆರ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಕೇಂದ್ರ ಮಾಡಿತು. ಆದರೆ ಕಾಲೋನಿಯವರಿಗೆ ಎಡವುವ ಕಲ್ಲು ಬೇರೆಯೇ ಇದೆ. ಸಾಲ ಕೇಳಲು ಹೋದಾಗ ಬ್ಯಾಂಕು ಹಕ್ಕುಪತ್ರ, ಇ-ಸ್ವತ್ತು ಕೇಳುತ್ತದೆ. ತಾತನ ಹೆಸರಿನ ಜನತಾ ಮನೆಯಲ್ಲಿ ಮೂರು ತಲೆಮಾರು ಕಳೆದರೂ ಖಾತೆ ಬದಲಾಗದ ಕುಟುಂಬ ಅವನ್ನು ಎಲ್ಲಿಂದ ತರಬೇಕು? ತರಬೇತಿ ಕೇಂದ್ರ ಒಂದು ದಿನ ಪಂಚಾಯಿತಿಗೆ ಬಂದು ಪಿಡಿಒ ಎದುರು ಕೂತು ಈ ಕಾಗದಗಳನ್ನು ಮಾಡಿಸಿಕೊಟ್ಟರೆ ಒಂದು ತಿಂಗಳ ಪಾಠಕ್ಕಿಂತ ಹೆಚ್ಚು ಉಪಯೋಗವಾದೀತು. ಅದು ಅವರ ಕೆಲಸದ ಪಟ್ಟಿಯಲ್ಲಿಲ್ಲ.

ನಮ್ಮ ಜಿಲ್ಲೆಯಲ್ಲೇ ಬೇರೆ ದಾರಿ ಹಿಡಿದವರಿದ್ದಾರೆ. ಬಾಗೇಪಲ್ಲಿಯಲ್ಲಿ 1977ರಲ್ಲಿ ಹುಟ್ಟಿದ ಅಡಾಟ್ಸ್ ಸಂಸ್ಥೆ ತರಬೇತಿಗಿಂತ ಕೂಲಿ ಸಂಘ ಕಟ್ಟುವುದಕ್ಕೆ ಒತ್ತು ಕೊಟ್ಟಿತು. ಭೂಮಿಯಿಲ್ಲದ ಕೂಲಿಗಳು, ಸಣ್ಣ ಹಿಡುವಳಿಯ ಬಡ ರೈತರು ಒಂದೇ ಸಂಘದಲ್ಲಿ ಕೂತು ಹಳ್ಳಿಯ ಮಟ್ಟದಲ್ಲಿ ತಮ್ಮ ನಿಧಿಯನ್ನು ತಾವೇ ನೋಡಿಕೊಂಡರು. ಆಮೇಲೆ ಆ ಕೆಲಸ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗುಡಿಬಂಡೆಗಳಿಗೂ ಹರಡಿತು. ಮನೆಯ ಅಡುಗೆ ಒಲೆಯನ್ನೇ ಅವರು ಯೋಜನೆಯ ನಡುವೆ ತಂದರು. 5,500 ಗೋಬರ್ ಗ್ಯಾಸ್ ಘಟಕಗಳ ಅವರ ಕಾರ್ಯಕ್ರಮ 2005ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಅಡಿ ನೋಂದಣಿಯಾಯಿತು. ಸೌದೆಗೆ ಹೋಗುವ ಹೊತ್ತು ಉಳಿದರೆ ಹೆಂಗಸಿಗೆ ದುಡಿಮೆಗೆ, ಸಭೆಗೆ, ಮಕ್ಕಳಿಗೆ ಸಮಯ ಸಿಗುತ್ತದೆ. ದನವಿಲ್ಲದ, ಹಿತ್ತಲಿಲ್ಲದ ಕಾಲೋನಿ ಮನೆಗೆ ಈ ಘಟಕ ಹೊಂದುವುದಿಲ್ಲ ಎಂಬ ಮಿತಿಯನ್ನೂ ಹೇಳಬೇಕು. ಆದರೂ ಕ್ರಮ ಸರಿಯಾದದ್ದು: ಮೊದಲು ಸಂಘ, ಆಮೇಲೆ ಮನೆಯೊಳಗಿನ ಬವಣೆ, ಅದರ ಮೇಲೆ ಆದಾಯ.

ಇತ್ತೀಚಿನ ವರ್ಷಗಳಲ್ಲಿ ನನಗೆ ಭರವಸೆ ಕೊಟ್ಟ ಸಹಭಾಗಿತ್ವ ಹಳ್ಳಿಗಳ ಕಸದ ಗಾಡಿಯದು. ಗ್ರಾಮ ಪಂಚಾಯಿತಿ ಸಂಜೀವಿನಿ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ, ಆರ್‌ಸೆಟಿಯಂಥ ಕಡೆ ಹೆಂಗಸರು ಗಾಡಿ ಓಡಿಸಲು ಕಲಿಯುತ್ತಾರೆ, ‘ಸ್ವಚ್ಛ ವಾಹಿನಿ’ಯ ಚಾಲಕಿಯಾಗಿ ತಮ್ಮದೇ ಬೀದಿಗಳಲ್ಲಿ ಬರುತ್ತಾರೆ. ಮೂರು ಸಂಸ್ಥೆಗಳು ಸೇರಿವೆ, ಮೂವರ ಪಾತ್ರವೂ ಕಣ್ಣಿಗೆ ಕಾಣುತ್ತದೆ, ಕೆಲಸ ಊರಲ್ಲೇ ಇದೆ. ಗೌರವಧನ ತಿಂಗಳು ತಿಂಗಳು ಸರಿಯಾಗಿ ಬಂದರೆ ಮಾತ್ರ ಇದು ನಿಲ್ಲುತ್ತದೆ. ಪಂಚಾಯಿತಿಯ ಖಾತೆ ಬರಿದಾದಾಗ ಮೊದಲು ನಿಲ್ಲುವುದು ಇಂಥವರ ಹಣವೇ ಆಗಬಾರದು. 2023ರಲ್ಲಿ ಘೋಷಣೆಯಾದ, 4,000 ಗ್ರಾಮ ಪಂಚಾಯಿತಿಗಳ ಗುರಿಯಿಟ್ಟ ‘ಕೂಸಿನ ಮನೆ’ಯೂ ಇದೇ ಜಾಡಿನದು. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಬಂದ ಇದನ್ನು ಹುಳುಮನೆಗೆ, ಫಿಲೇಚರಿಗೆ ಹೋಗುವವರ ಮಕ್ಕಳಿಗೂ ತೆರೆದಿಡಬೇಕು. ಅದೂ ಕಾಲೋನಿಯ ಹತ್ತಿರ, ಫಿಲೇಚರಿನ ಹೊತ್ತಿಗೆ ಹೊಂದುವಂತೆ.

ಮನೆಯ ಜಾಗ ತಪ್ಪಿದರೆ ಎಂಥ ದುಡಿಮೆಯೂ ಸೋಲುತ್ತದೆ ಎಂಬುದಕ್ಕೆ ಬೆಂಗಳೂರಿನ ಈಜಿಪುರ ಸಾಕ್ಷಿ. ಕೋರಮಂಗಲದ ಮಗ್ಗುಲಲ್ಲಿದ್ದ ಬಡವರ ವಸತಿಗೃಹಗಳ ಜಾಗದಿಂದ 2013ರ ಜನವರಿಯಲ್ಲಿ ಜನರನ್ನು ಎಬ್ಬಿಸಲಾಯಿತು. ಅಲ್ಲಿನ ಅನೇಕ ಹೆಂಗಸರು ಕೋರಮಂಗಲದ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವರು, ನಡೆದುಹೋಗಿ ನಡೆದುಬರುತ್ತಿದ್ದವರು. ಸೂಲಿಕುಂಟೆಯಂಥ ದೂರದ ಜಾಗಕ್ಕೆ ಹೋದ ಮೇಲೆ ಬೆಳಗಿನ ಆರು ಗಂಟೆಗೆ ಕೋರಮಂಗಲದ ಬಾಗಿಲು ತಟ್ಟುವುದು ಹೇಗೆ? ಮನೆ ದೂರವಾದರೆ ಕೆಲಸ ಹೋಗುತ್ತದೆ.

ಅಮೆರಿಕದ ಒಂದು ಅನುಭವ ಇಲ್ಲಿ ನಮಗೆ ನೇರವಾಗಿ ಬೇಕಾಗುತ್ತದೆ. ಅಲ್ಲಿನ ಸರ್ಕಾರಿ ವಸತಿಗಳಲ್ಲಿ 1998ರಿಂದ ಆರು ನಗರಗಳಲ್ಲಿ ‘ಜಾಬ್ಸ್-ಪ್ಲಸ್’ ಎಂಬ ಪ್ರಯೋಗ ನಡೆಯಿತು. ಕೆಲಸ ಹುಡುಕಲು ನೆರವು, ಕೆಲಸ ಸಿಕ್ಕವರ ಬಾಡಿಗೆ ಏರದಂತೆ ರಿಯಾಯಿತಿ, ನೆರೆಹೊರೆಯವರ ಪರಸ್ಪರ ಬೆಂಬಲ, ಇವು ಮೂರೂ ಒಟ್ಟಿಗೆ ಇರಬೇಕೆಂಬುದು ಅದರ ನಿಯಮ. ಬಾಡಿಗೆಯ ಮಾತು ಯಾಕೆ ಬಂತೆಂದರೆ ಅಲ್ಲಿ ಆದಾಯದ ಸುಮಾರು ಶೇ 30ರಷ್ಟು ಬಾಡಿಗೆ, ಹೆಚ್ಚು ದುಡಿದರೆ ಹೆಚ್ಚು ಕಟ್ಟಬೇಕು. ಮೂರನ್ನೂ ಸರಿಯಾಗಿ ನಡೆಸಿದ ಮೂರು ನಗರಗಳಲ್ಲಿ ಏಳು ವರ್ಷಗಳ ಲೆಕ್ಕದಲ್ಲಿ ನಿವಾಸಿಗಳ ಗಳಿಕೆ ಸರಾಸರಿ ಶೇ 16ರಷ್ಟು ಹೆಚ್ಚಿತು. ಅರೆಬರೆ ನಡೆಸಿದ ಕಡೆ ಅಂಥ ಫಲ ಸಿಗಲಿಲ್ಲ.

ನಮ್ಮಲ್ಲಿ ಬಾಡಿಗೆಯಿಲ್ಲ, ಆದರೆ ಬಿಪಿಎಲ್ ಕಾರ್ಡಿದೆ. ಕರ್ನಾಟಕದಲ್ಲಿ ಅದರ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ, ಅಂದರೆ ಇಡೀ ಕುಟುಂಬಕ್ಕೆ ತಿಂಗಳಿಗೆ ಹತ್ತು ಸಾವಿರ. ಗಂಡ ಹೆಂಡತಿ ಇಬ್ಬರೂ ಪಿಎಫ್ ಇರುವ ಕೆಲಸಕ್ಕೆ ಸೇರಿದರೆ ಮಿತಿ ದಾಟಿತು. 2024ರ ನವೆಂಬರಿನಲ್ಲಿ ಕಾರ್ಡುಗಳು ರದ್ದಾದಾಗ ಎದ್ದ ಗದ್ದಲ, ಆಮೇಲೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆದಾರರನ್ನು ಬಿಟ್ಟು ಉಳಿದ ಅರ್ಹರ ಕಾರ್ಡು ಮುಟ್ಟಬೇಡಿ ಎಂದು ಸರ್ಕಾರ ಹೇಳಬೇಕಾಗಿ ಬಂದದ್ದು ಎಲ್ಲರಿಗೂ ನೆನಪಿದೆ. ಕಾರ್ಡು ಹೋದರೆ ಅಕ್ಕಿ ಹೋಯಿತು, ಆಸ್ಪತ್ರೆಯ ರಿಯಾಯಿತಿ ಹೋಯಿತು, ಮುಂದೆ ಮನೆಯ ಅರ್ಜಿಗೂ ಕುತ್ತು. ಈ ಹೆದರಿಕೆ ಸೋಮಾರಿತನವಲ್ಲ, ಸರಿಯಾದ ಲೆಕ್ಕಾಚಾರ. ಮೂರು ತಿಂಗಳಿಗೆ ಹೋಗಬಹುದಾದ ಕೆಲಸಕ್ಕಾಗಿ ಕೈಯಲ್ಲಿರುವ ಕಾರ್ಡನ್ನು ಯಾವ ತಾಯಿ ಪಣಕ್ಕಿಡುತ್ತಾಳೆ? ಹೊಸದಾಗಿ ಕೆಲಸಕ್ಕೆ ಸೇರಿದ ಕುಟುಂಬದ ಕಾರ್ಡನ್ನು ಎರಡು ಮೂರು ವರ್ಷ ಮುಟ್ಟುವುದಿಲ್ಲ ಎಂದು ಒಂದು ಆದೇಶ ಬಂದರೆ ಅದು ಹತ್ತು ಉದ್ಯೋಗ ಮೇಳಗಳಿಗಿಂತ ದೊಡ್ಡ ಕೆಲಸ.

ಮನೆ ಕಟ್ಟುವುದೇ ಒಂದು ಕೆಲಸ ಎಂಬುದನ್ನೂ ನಾವು ಪೂರ್ತಿ ಬಳಸಿಕೊಂಡಿಲ್ಲ. ಆವಾಸ್ ಮನೆಯ ಜೊತೆ ನರೇಗಾದ 90 ದಿನದ ಕೂಲಿ ಸೇರಿಸಿದ್ದು, ಕಟ್ಟುತ್ತಿರುವ ಮನೆಯನ್ನೇ ಪಾಠಶಾಲೆ ಮಾಡಿ 45 ದಿನದ ಗಾರೆ ಕೆಲಸದ ತರಬೇತಿ ಇಟ್ಟಿದ್ದು ಇಡೀ ವ್ಯವಸ್ಥೆಯಲ್ಲಿ ನಾನು ಮೆಚ್ಚುವ ಜೋಡಣೆ. ಇಲ್ಲಿ ಮನೆಯೂ ಕೆಲಸವೂ ಒಂದೇ ಅಂಗಳದಲ್ಲಿವೆ. ಸಾದಲಿಯ ಕಡೆ ಗಾರೆ ಕೆಲಸದವರ ಕೈಕೆಳಗೆ ವರ್ಷಗಟ್ಟಲೆ ಕಲಸು ಹೊತ್ತ ಹೆಂಗಸರು ಬೇಕಾದಷ್ಟು ಮಂದಿ. ಅವರ ಕೈಗೆ ಕರಣೆ, ತೂಗುಗುಂಡು ಕೊಡಲು ಯಾವ ಸಂಸ್ಥೆಗೂ ಹೊಸ ಯೋಜನೆ ಬೇಕಿಲ್ಲ.

ನನ್ನ ತೀರ್ಪು ಹೀಗಿದೆ. ಕಾಲೋನಿಯ ಸಂಘದಿಂದ ಹೊರಟ ಸಹಭಾಗಿತ್ವಗಳು ನಿಧಾನವಾಗಿಯಾದರೂ ನಿಂತಿವೆ, ತರಬೇತಿಯ ಗುರಿಸಂಖ್ಯೆಯಿಂದ ಹೊರಟವು ಪ್ರಮಾಣಪತ್ರಗಳನ್ನು ಹಂಚಿ ಮುಂದಿನ ತಾಲ್ಲೂಕಿಗೆ ಹೋಗಿವೆ. ಸಂಸ್ಥೆಗಳ ನಿಷ್ಠೆಯನ್ನು ನಾನು ಅನುಮಾನಿಸುತ್ತಿಲ್ಲ. ಅವರಿಗೆ ಹಣ ಕೊಡುವವರು ಕೇಳುವ ಪ್ರಶ್ನೆಯೇ ತಪ್ಪು. ಎಷ್ಟು ಮಂದಿಗೆ ಕಲಿಸಿದಿರಿ ಎಂದಲ್ಲ, ಒಂದು ವರ್ಷದ ಮೇಲೆ ಎಷ್ಟು ಮಂದಿ ಸಾಲದ ಹಂಗಿಲ್ಲದೆ ದುಡಿಯುತ್ತಿದ್ದಾರೆ ಎಂದು ಕೇಳಬೇಕು.

ಸಾದಲಿ ಹೋಬಳಿಯ ಪಂಚಾಯಿತಿ ಸದಸ್ಯರಲ್ಲಿ, ಒಕ್ಕೂಟದ ಅಕ್ಕಂದಿರಲ್ಲಿ ನನ್ನ ಕೋರಿಕೆ: ಮುಂದಿನ ಗ್ರಾಮಸಭೆಯಲ್ಲಿ ಹೊಸ ಮನೆಗಳ ಪಟ್ಟಿ ಓದುವಾಗ ಕಾಲೋನಿಯ ಪಕ್ಕದ ಪಂಚಾಯಿತಿ ಜಾಗದಲ್ಲಿ ಒಂದು ಸಾಮೂಹಿಕ ಹುಳುಮನೆಯನ್ನೂ ಕೇಳಿ. ಸೊಪ್ಪನ್ನು ಕೊಂಡು ಹುಳು ಸಾಕುವ ಕಸುಬು ನಮ್ಮ ಹೆಂಗಸರಿಗೆ ಗೊತ್ತಿದೆ. ರೇಷ್ಮೆ ಇಲಾಖೆ, ಬ್ಯಾಂಕು, ಸ್ವಯಂಸೇವಾ ಸಂಸ್ಥೆ ಮೂವರನ್ನೂ ಅದೇ ಸಭೆಗೆ ಕರೆಸಿ, ಯಾರು ಏನು ಕೊಡುತ್ತಾರೆಂದು ನಡಾವಳಿಯಲ್ಲಿ ಬರೆಸಿಕೊಳ್ಳಿ.