ಬೆರಳು ಅರಿತದ್ದು, ಲೇಖನಿ ಬರೆದದ್ದು

ದೇವಾಲಯದ ಗಾನವೃಂದದಲ್ಲಿ ಕೀಬೋರ್ಡ್ ನುಡಿಸುವ ಮಗನೋ ಮಗಳೋ ನಿಮ್ಮ ಮನೆಯಲ್ಲಿರಬಹುದು. ದಿನದ ಅಭ್ಯಾಸಕ್ಕೇ ಹೊತ್ತು ಸಾಲದಿರುವಾಗ ಸಂಗೀತದ ಕುರಿತು ಬರೆಯುವ ಗೊಡವೆ ಏಕೆಂದು ನೀವು ಕೇಳಿರಲೂಬಹುದು. ಬರೆಯಲು ಕುಳಿತ ಗಂಟೆ ವಾದ್ಯದಿಂದ ಕಸಿದುಕೊಂಡ ಗಂಟೆಯಲ್ಲವೇ? ಈ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡು, ಬಾಕ್‌ನನ್ನು ಕುರಿತು ಆಲ್ಬರ್ಟ್ ಶ್ವೈಟ್ಸರ್ ರಚಿಸಿದ ಗ್ರಂಥವನ್ನು ಪರಿಶೀಲಿಸೋಣ.

ಆಫ್ರಿಕಾದ ಲಾಂಬರೇನೆಯ ವೈದ್ಯರೆಂದು ನಾವು ಅವರನ್ನು ಬಲ್ಲೆವು. ಆದರೆ 1875ರಲ್ಲಿ ಅಲ್ಸಾಸ್ ಪ್ರಾಂತ್ಯದ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಶ್ವೈಟ್ಸರ್ ಬಾಲ್ಯದಿಂದಲೇ ಆರ್ಗನ್ ವಾದಕರು. 1893ರಲ್ಲಿ ಪ್ಯಾರಿಸ್ಸಿನ ವಿಡೋರ್ ಅವರ ಶಿಷ್ಯರಾದರು. ಬಾಕ್‌ನ ಕೊರಾಲ್ ಪ್ರಿಲ್ಯೂಡ್‌ಗಳಲ್ಲಿ ಸ್ವರಗಳು ಕೆಲವೆಡೆ ಹಠಾತ್ತನೆ ಹಾದಿ ಬದಲಿಸುವುದೇಕೆ ಎಂಬುದು ಗುರುವಿಗೇ ಒಗಟಾಗಿತ್ತು. ಆ ಸ್ವರಗಳು ಜರ್ಮನ್ ಕೀರ್ತನೆಯ ಸಾಹಿತ್ಯವನ್ನು ಅನುಸರಿಸುತ್ತವೆ ಎಂದು ಶಿಷ್ಯರು ಬಿಡಿಸಿ ಹೇಳಿದರು. ಅದನ್ನು ಬರೆಯುವಂತೆ ವಿಡೋರ್ ಒತ್ತಾಯಿಸಿದರು. ಕಿರು ಪ್ರಬಂಧವಾಗಬೇಕಿದ್ದುದು 1905ರಲ್ಲಿ 455 ಪುಟಗಳ ಫ್ರೆಂಚ್ ಗ್ರಂಥವಾಯಿತು. ಅದನ್ನು ಜರ್ಮನ್‌ಗೆ ಅನುವಾದಿಸಲೊಪ್ಪದೆ ಹೊಸದಾಗಿಯೇ ಬರೆದರು. 1908ರಲ್ಲಿ ಪ್ರಕಟವಾದಾಗ ಅದು 844 ಪುಟಗಳಷ್ಟಿತ್ತು.

ಈ ಗ್ರಂಥದ ಹಿರಿಮೆ ಇರುವುದು ಇಲ್ಲಿಯೇ: ಇದು ವಾದ್ಯದ ಮುಂದೆ ಹುಟ್ಟಿದ ವಿಮರ್ಶೆ. ಅತಿವೇಗದ ವಾದನವನ್ನು ಲೇಖಕರು ಖಂಡಿಸುವಾಗ, ಪ್ರತಿಯೊಂದು ಸ್ವರಧಾರೆಯೂ ಸ್ಪಷ್ಟವಾಗಿ ಕೇಳಬೇಕೆಂದು ಪಟ್ಟು ಹಿಡಿಯುವಾಗ, ಅದನ್ನು ನುಡಿಸಿ ನೋಡಿದವರ ಅಧಿಕಾರ ಆ ಮಾತುಗಳಲ್ಲಿದೆ. ಪ್ರಶ್ನೆ ಎದ್ದದ್ದು ಅಭ್ಯಾಸದಿಂದ. ಉತ್ತರ ಸ್ಪಷ್ಟಗೊಂಡದ್ದು ಬರಹದಿಂದ.

ಆದರೆ ಅದೇ ಆತ್ಮವಿಶ್ವಾಸ ಅವರನ್ನು ದಾರಿ ತಪ್ಪಿಸಿದ್ದೂ ಉಂಟು. ಹೆಜ್ಜೆಯ ಸ್ವರವಿನ್ಯಾಸ, ಹರ್ಷದ ಸ್ವರವಿನ್ಯಾಸ, ದುಃಖದ ಸ್ವರವಿನ್ಯಾಸ ಎಂದು ಅವರು ಬಾಕ್‌ಗೆ ಒಂದು ನಿಘಂಟನ್ನೇ ಕಟ್ಟಿಕೊಟ್ಟರು. ಕೆಲವೆಡೆ ಅದು ಕಣ್ತೆರೆಸುತ್ತದೆ. ಹಲವೆಡೆ ಸಂಗೀತವನ್ನು ಬರಿಯ ಚಿತ್ರಪಟವಾಗಿ ಕುಗ್ಗಿಸುತ್ತದೆ. ಚರಿತ್ರೆಯ ವಿವರಗಳಿಗೆ ಅವರು ಸ್ಪಿಟ್ಟಾ ಎಂಬ ವಿದ್ವಾಂಸರನ್ನು ನೆಚ್ಚಿದ್ದರು. 1950ರ ದಶಕದಲ್ಲಿ ಡ್ಯೂರ್ ಮತ್ತು ಡಾಡೆಲ್ಸೆನ್ ಎಂಬವರು ಹಸ್ತಪ್ರತಿಗಳ ಕಾಗದವನ್ನೂ ಕೈಬರಹವನ್ನೂ ಪರೀಕ್ಷಿಸಿದಾಗ, ಬಾಕ್‌ನ ಮುಪ್ಪಿನ ಕಾಲದ್ದೆಂದು ನಂಬಲಾಗಿದ್ದ ಅನೇಕ ಕೊರಾಲ್ ಕಂಟಾಟಾಗಳು 1724-25ರಲ್ಲಿಯೇ ರಚಿತವಾದವೆಂದು ತಿಳಿದುಬಂತು. ಬೆರಳು ಎಷ್ಟೇ ನುರಿತಿದ್ದರೂ ಕಾಲನಿರ್ಣಯವನ್ನು ಹೇಳಲಾರದು. ಅದಕ್ಕೆ ಕಡತಗಳೇ ಬೇಕು.

ಇನ್ನು ಸಮಯದ ಮಾತು. 1913ರಲ್ಲಿ ಆಫ್ರಿಕಾಕ್ಕೆ ಹೊರಟಾಗ, ತಮ್ಮ ಆರ್ಗನ್ ವಾದನ ಅಲ್ಲಿಗೇ ಮುಗಿಯಿತೆಂದು ಶ್ವೈಟ್ಸರ್ ಭಾವಿಸಿದ್ದರು. ಆದರೆ ಪ್ಯಾರಿಸ್ಸಿನ ಬಾಕ್ ಸಂಘವು ಕಾಲಿನಿಂದಲೂ ನುಡಿಸಬಹುದಾದ ಪೆಡಲ್‌ಗಳುಳ್ಳ ಪಿಯಾನೊ ಒಂದನ್ನು ಅವರಿಗೆ ಕೊಟ್ಟಿತ್ತು. ಒಂದು ಸಂಜೆ ಬಾಕ್‌ನ ಫ್ಯೂಗ್ ನುಡಿಸುತ್ತಿದ್ದಾಗ, ಈ ಬಿಡುವನ್ನೇ ಸಾಧನೆಗೆ ಬಳಸಬಹುದಲ್ಲವೇ ಎಂಬ ಯೋಚನೆ ಮೂಡಿತು. ದಿನಕ್ಕೆ ಅರ್ಧ ಗಂಟೆಯಷ್ಟೇ ದಕ್ಕಿದರೂ ಸರಿ, ಬಾಕ್, ಮೆಂಡೆಲ್ಸನ್, ಫ್ರಾಂಕ್ ಮೊದಲಾದವರ ಕೃತಿಗಳನ್ನು ಒಂದೊಂದಾಗಿ ಕಂಠಪಾಠ ಮಾಡಲು ನಿರ್ಧರಿಸಿದರು. ಮುಂದೆ ಯೂರೋಪಿನಲ್ಲಿ ಅವರು ನೀಡಿದ ಕಚೇರಿಗಳು ಆಸ್ಪತ್ರೆಗೆ ಹಣ ಕೂಡಿಸಿದವು. 1935ರಲ್ಲಿ ಲಂಡನ್ನಿನಲ್ಲಿ, 1936ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅವರ ಬಾಕ್ ವಾದನ ಧ್ವನಿಮುದ್ರಣಗೊಂಡಿತು.

ಆದುದರಿಂದ, ಓದುಗರೇ, ಬರಹ ಮತ್ತು ಅಭ್ಯಾಸ ಎರಡನ್ನೂ ತಕ್ಕಡಿಯಲ್ಲಿಟ್ಟು ಸಮವಾಗಿ ತೂಗಬೇಕಿಲ್ಲ. ವಾದ್ಯಕ್ಕೆ ಮೊದಲ ಸ್ಥಾನವಿರಲಿ, ಅರ್ಧ ಗಂಟೆಯಾದರೂ ತಪ್ಪದಿರಲಿ. ಬಳಿಕ, ಈ ಭಾನುವಾರ ನುಡಿಸಲಿರುವ ಗೀತೆಯಲ್ಲಿ ಸ್ವರವು ಯಾವ ಪದದ ಬಳಿ ತಿರುಗುತ್ತದೆ, ಏಕೆ ತಿರುಗುತ್ತದೆ ಎಂಬುದನ್ನು ನಿಮ್ಮ ಮಗು ನಾಲ್ಕು ಸಾಲು ಬರೆಯಲಿ. ಮರುದಿನ ಅದನ್ನೇ ಮತ್ತೆ ನುಡಿಸಿ, ಬರೆದದ್ದು ನಿಜವೇ ಎಂದು ಪರೀಕ್ಷಿಸಲಿ. ನಿಜವಲ್ಲವೆನಿಸಿದರೆ ಹೊಡೆದು ಹಾಕಲಿ. ಆಗ ಬರೆದ ಗಂಟೆ ವಾದ್ಯಕ್ಕೇ ಮರಳುತ್ತದೆ.