ಮುಚ್ಚುವ ಮೋಟಾರು, ಬಿಚ್ಚದ ಜಿಪ್ಪು

ಜಿಪ್ಪು ಹಾಕಬೇಕಾದರೆ ಒಂದು ಕೈಯಾದರೂ ಹೊರಗಿರಬೇಕು. ಮೈಗಂಟುವ ಚರ್ಮದ ಅಥವಾ ರಬ್ಬರಿನ ಚೀಲದೊಳಗೆ ತಮ್ಮನ್ನು ತಾವೇ ಬಂಧಿಸಿಕೊಳ್ಳುವ ‘ಸೆಲ್ಫ್ ಬಾಂಡೇಜ್’ ಹವ್ಯಾಸದ ವಯಸ್ಕರಿಗೆ ಮೊದಲು ಎದುರಾಗುವ ತೊಡಕೇ ಇದು. ಎರಡೂ ಕೈ ಒಳಗೆ ಸೇರಿದ ಮೇಲೆ ರನ್ನರ್ ಎಳೆಯುವವರು ಯಾರು? ಅದಕ್ಕೆ ಕೆಲವರು ಮನೆಯಲ್ಲೇ ಕಂಡುಕೊಂಡ ಉತ್ತರ ಮೋಟಾರು ಜಿಪ್ಪು: ಒಂದು ಸಣ್ಣ ಗೇರ್ ಮೋಟಾರು, ಬ್ಯಾಟರಿ, ರನ್ನರಿಗೆ ಬಿಗಿದ ದಾರ ಅಥವಾ ಹಲ್ಲಿನ ಬೆಲ್ಟು, ಬೆರಳಿಗೆ ಸಿಗುವಂತೆ ಒಂದು ಸ್ವಿಚ್ಚು.

ಇದನ್ನು ವಿಕೃತಿಯೆಂದು ಮೂಗು ಮುರಿದು ಬಿಟ್ಟುಬಿಡುವುದು ಅನ್ಯಾಯ. ತಾನಾಗಿ ಓಡುವ ಜಿಪ್ಪಿನ ಬಗ್ಗೆ ದೊಡ್ಡ ಪ್ರಯೋಗಾಲಯಗಳೂ ತಲೆ ಕೆಡಿಸಿಕೊಂಡಿವೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಆಡಮ್ ವೈಟನ್ ರೂಪಿಸಿದ ‘ಜಿಪರ್‌ಬಾಟ್’ ಬಟ್ಟೆಯ ಅಂಚಿನ ಮೇಲೆ ತೆವಳುತ್ತಾ ಹಲ್ಲುಗಳನ್ನು ಕೂಡಿಸುವ ಪುಟ್ಟ ಯಂತ್ರ. ಒಂದೇ ಕೈಯಲ್ಲಿ ಜಿಪ್ಪು ಕೂಡಿಸಲಾಗುವಂತೆ ಬುಡದಲ್ಲಿ ಅಯಸ್ಕಾಂತ ಇಟ್ಟ ‘ಮ್ಯಾಗ್‌ಜಿಪ್’ ಅನ್ನು ಅಂಡರ್ ಆರ್ಮರ್ ಕಂಪನಿ 2014ರಲ್ಲಿ ಮಾರುಕಟ್ಟೆಗೆ ತಂದಿತು. ಸ್ನಾಯು ದೌರ್ಬಲ್ಯದಿಂದ ಬಳಲುವ ಬಂಧುವೊಬ್ಬರ ಪಾಡು ನೋಡಿದ ಎಂಜಿನಿಯರರ ಆಲೋಚನೆ ಅದು. ಸಂಧಿವಾತದ ಬೆರಳುಗಳಿಗೆ ಬೇಕಾದದ್ದೂ ಚೀಲದೊಳಗಿನ ಕೈಗಳಿಗೆ ಬೇಕಾದದ್ದೂ ಒಂದೇ ಕುಶಲತೆ.

ಆ ಕುಶಲತೆ ಸುಲಭದ್ದಲ್ಲ. ಗಿಡಿಯಾನ್ ಸುಂಡ್‌ಬ್ಯಾಕ್ 1917ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿನ ಜಿಪ್ಪಿನ ತಾಯಿಬೇರು. ರನ್ನರಿನೊಳಗೆ ಕವಲೊಡೆದ ಒಂದು ಕಾಲುವೆ ಇರುತ್ತದೆ. ಎರಡು ಸಾಲಿನ ಹಲ್ಲುಗಳು ಓರೆಯಾಗಿ ಒಳಬಂದು ಒಂದರ ಬೆನ್ನಿಗೊಂದು ಕೂರುತ್ತವೆ. ಪಟ್ಟಿಗಳು ಸಡಿಲವಾಗಿದ್ದು ಎಳೆತ ನೇರವಾಗಿದ್ದರೆ ಒಂದು ಬೆರಳಿನ ಬಲ ಸಾಕು. ಬಿಗಿ ಉಡುಪಿನಲ್ಲಿ ಎರಡೂ ಇರುವುದಿಲ್ಲ. ಉಸಿರು ಎಳೆದುಕೊಂಡಾಗ ಎದೆ ಅಗಲವಾಗಿ ಪಟ್ಟಿಗಳು ಪಕ್ಕಕ್ಕೆ ಜಗ್ಗುತ್ತವೆ, ಘರ್ಷಣೆ ಏರುತ್ತದೆ. ಸೊಂಟದ ತಿರುವಿನಲ್ಲಿ ರನ್ನರ್ ಓರೆಯಾಗುತ್ತದೆ, ಒಳಗಿನ ಬಟ್ಟೆಯ ಮಡಿಕೆ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಕೈಯಾದರೆ ಅದನ್ನು ಗ್ರಹಿಸಿ ಕೊಂಚ ಹಿಂದೆ ಎಳೆದು ಮತ್ತೆ ಮುಂದೆ ಬಿಡುತ್ತದೆ. ಮೋಟಾರಿಗೆ ಆ ಸ್ಪರ್ಶವಿಲ್ಲ. ನಿಂತಲ್ಲೇ ನಿಂತು ಹಲವು ಪಟ್ಟು ಕರೆಂಟ್ ಹೀರಿ ಬಿಸಿಯಾಗುತ್ತದೆ, ಇಲ್ಲವೇ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆಸಿಕೊಳ್ಳುತ್ತದೆ. ಕರೆಂಟಿನ ಏರಿಕೆಯನ್ನು ಅಳೆದು ತಾನೇ ಹಿಂದೆ ಸರಿಯುವ ಮೋಟಾರು ಕಟ್ಟಿದವರು ನಿಜಕ್ಕೂ ಜಾಣರು, ಅವರಿಗೆ ಆ ಗೌರವ ಸಲ್ಲಬೇಕು.

ಆದರೆ ಈ ಜಾಣ್ಮೆಯಲ್ಲಿ ಬಹುಪಾಲು ಮುಚ್ಚುವುದಕ್ಕೇ ಖರ್ಚಾಗಿಬಿಡುತ್ತದೆ. ಈ ಪ್ರಯೋಗದ ಮೇಲಿರುವ ದೊಡ್ಡ ಆಕ್ಷೇಪ ಅದೇ.

ಹೆಚ್ಚು ಬಲ ಬೇಕೆಂದು ವರ್ಮ್ ಗೇರ್ ಹಾಕುತ್ತಾರೆ. ಅಂಥ ಗೇರಿನಲ್ಲಿ ಮೋಟಾರು ಚಕ್ರವನ್ನು ತಿರುಗಿಸುತ್ತದೆ, ಚಕ್ರ ಸಾಮಾನ್ಯವಾಗಿ ಮೋಟಾರನ್ನು ತಿರುಗಿಸಲಾರದು. ಬ್ಯಾಟರಿ ಸತ್ತರೆ, ಒಂದು ತಂತಿಯ ಬೆಸುಗೆ ಬಿಟ್ಟರೆ ರನ್ನರ್ ಇದ್ದಲ್ಲೇ ಬೀಗವಾಗುತ್ತದೆ. ಟ್ಯಾಬ್ ಬಿಟ್ಟೊಡನೆ ಹಲ್ಲಿಗೆ ಮುಳ್ಳು ಇಳಿಸುವ ಆಟೋಲಾಕ್ ರನ್ನರ್ ಕೂಡಿದರಂತೂ ಬೀಗದ ಮೇಲೆ ಬೀಗ. ಒಳಗಿನವರು ಬೋರಲಾಗಿ ಬಿದ್ದಿದ್ದರೆ ಎದೆಯ ಮೇಲಿನ ಒತ್ತಡಕ್ಕೆ ಉಸಿರಾಟವೇ ಕುಂಠಿತವಾಗುತ್ತದೆ. ರಬ್ಬರಿನಲ್ಲಿ ಮೈಯ ಶಾಖ ಹೊರಹೋಗುವುದಿಲ್ಲ. ಮಡಿಸಿದ ಕೈ ಜೋಮು ಹಿಡಿದ ಮೇಲೆ ಸ್ವಿಚ್ಚು ಇದ್ದೂ ಇಲ್ಲದಂತೆ. ಒಬ್ಬರೇ ಇದ್ದಾಗ ಹೀಗೆ ಸಿಲುಕಿ ಸತ್ತವರ ಪ್ರಕರಣಗಳು ವಿಧಿವಿಜ್ಞಾನದ ಸಾಹಿತ್ಯದಲ್ಲಿ ದಾಖಲಾಗಿವೆ.

ಒಳಗಿನಿಂದ ತೆರೆಯದ ಬಾಗಿಲಿನ ಪಾಠವನ್ನು ಜಗತ್ತು ಜೀವ ತೆತ್ತು ಕಲಿತಿದೆ. ಬಿಸಾಡಿದ ಫ್ರಿಜ್ಜುಗಳಲ್ಲಿ ಅಡಗಿದ ಮಕ್ಕಳು ಉಸಿರುಗಟ್ಟಿ ಸಾಯುತ್ತಿದ್ದುದರಿಂದ, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು ಅಮೆರಿಕ 1956ರಲ್ಲಿ ಕಾನೂನು ತಂದಿತು. ಕೊಂಡಿಯ ಜಾಗಕ್ಕೆ ಅಯಸ್ಕಾಂತದ ರಬ್ಬರ್ ಪಟ್ಟಿ ಬಂತು. 1967ರ ಜನವರಿ 27ರಂದು ಅಪೊಲೊ 1 ಗಗನನೌಕೆಯ ಪರೀಕ್ಷೆ ನಡೆಯುತ್ತಿದ್ದಾಗ ಬೆಂಕಿ ಹೊತ್ತಿತು. ಒಳಮುಖವಾಗಿ ತೆರೆಯಬೇಕಿದ್ದ ಬಾಗಿಲನ್ನು ಒಳಗಿನ ಒತ್ತಡವೇ ಅದುಮಿ ಹಿಡಿಯಿತು, ಮೂವರು ಗಗನಯಾತ್ರಿಗಳಿಗೆ ಹೊರಬರಲಾಗಲಿಲ್ಲ. ಆಮೇಲೆ ನಾಸಾ ಹೊರಮುಖವಾಗಿ, ಕೆಲವೇ ಸೆಕೆಂಡುಗಳಲ್ಲಿ ತೆರೆಯುವ ಬಾಗಿಲು ಮಾಡಿತು.

ಹಾಗಾದರೆ ಒಳ್ಳೆಯ ಮೋಟಾರು ಜಿಪ್ಪು ಹೇಗಿರಬೇಕು? ಉತ್ತರ ಅಗ್ಗದ ರನ್ನರಿನಲ್ಲೇ ಇದೆ. ಮುಳ್ಳಿಲ್ಲದ ರನ್ನರಾದರೆ ಪಟ್ಟಿಗಳನ್ನು ಎರಡೂ ಕಡೆಗೆ ಜಗ್ಗಿದಾಗ ತಾನಾಗಿ ಜಾರುತ್ತದೆ. ಬ್ಯಾಗಿನ ಹಳೆ ಜಿಪ್ಪಿನಲ್ಲಿ ಇದು ದೋಷ, ಇಲ್ಲಿ ಇದೇ ಗುಣ. ಅದಕ್ಕೆ ವರ್ಮ್ ಬಿಟ್ಟು ಹಿಮ್ಮುಖವೂ ತಿರುಗುವ ಗೇರ್ ಜೋಡಿಸಿ, ರನ್ನರಿಗೂ ದಾರಕ್ಕೂ ನಡುವೆ ಜೋರಾಗಿ ಜಗ್ಗಿದರೆ ಕಳಚುವ ಅಯಸ್ಕಾಂತವಿಟ್ಟರೆ, ಕರೆಂಟ್ ಹೋದಾಗ ಉಡುಪು ಬಿಚ್ಚಿಕೊಳ್ಳುವ ಕಡೆಗೆ ವಾಲುತ್ತದೆ. ಮೋಟಾರಿನ ಹಂಗಿಲ್ಲದೆ ಹೊಲಿಗೆ ಬಿಚ್ಚುವ ಇನ್ನೊಂದು ಎಳೆದಾರ, ಹೆಬ್ಬೆರಳಿಗೆ ಸಿಗುವಷ್ಟು ಹತ್ತಿರ, ಇರಲೇಬೇಕು. ಇಷ್ಟಾದರೆ ಬಂಧನದ ಬಿಗಿ ಕಡಿಮೆಯಾಗುತ್ತದೆ ಎಂಬ ದೂರು ನಿಜ. ಆ ಬೆಲೆ ತೆರಲೇಬೇಕಾದದ್ದು.

ಈ ಹವ್ಯಾಸದ ಬಳಗಕ್ಕೆ ಇದು ಹೊಸ ಮಾತೂ ಅಲ್ಲ. ‘ಸುರಕ್ಷಿತ, ವಿವೇಕಯುತ, ಸಮ್ಮತಿಯ’ ಎಂಬ ಸೂತ್ರ 1980ರ ದಶಕದಲ್ಲೇ ನ್ಯೂಯಾರ್ಕಿನ ಗುಂಪೊಂದರಿಂದ ಬಂದದ್ದು. ಕೀಲಿಯನ್ನು ಮಂಜುಗಡ್ಡೆಯಲ್ಲಿ ಹುದುಗಿಸಿ ಕರಗುವವರೆಗೆ ಕಾಯುವ ಹಳೆಯ ಪದ್ಧತಿಗೆ ಕನಿಷ್ಠ ಒಂದು ಗುಣವಿತ್ತು: ಬ್ಯಾಟರಿ ಇರಲಿ ಬಿಡಲಿ, ಮಂಜು ಕರಗುತ್ತದೆ. ಆದರೆ ಮೈ ಕೈಕೊಟ್ಟಾಗ ಅದು ಬೇಗ ಕರಗುವುದಿಲ್ಲ. ಆ ಹೊತ್ತಿಗೆ ಬೇಕಾದದ್ದು ಪಕ್ಕದ ಕೋಣೆಯಲ್ಲಿ ವಿಷಯ ತಿಳಿದಿರುವ, ಬಟ್ಟೆ ಕತ್ತರಿಸುವ ಮೊಂಡುತುದಿಯ ಕತ್ತರಿ ಹಿಡಿದು ಬರಬಲ್ಲ ಒಬ್ಬ ಮನುಷ್ಯ. ಅಂಥವರು ಸಿಗುವವರೆಗೆ ಈ ಮೋಟಾರನ್ನು ಹಳೆಯ ಜಾಕೆಟ್ಟಿಗೆ ಕಟ್ಟಿ, ಎರಡೂ ಕೈ ಹೊರಗಿಟ್ಟುಕೊಂಡೇ ಓಡಿಸಿ ನೋಡುವುದು ಒಳ್ಳೆಯದು.