ಸಿಮೆಂಟಿನ ಊರಲ್ಲಿ ಕಾಣದ ಹಗ್ಗ

ಕೌಜಲಗಿಯಿಂದ ಹೋಗಿ ಕೊಲ್ಲಾಪುರದ ಹತ್ತಿರದ ಕಣೇರಿ ಮಠದ ಸಿದ್ಧಗಿರಿ ವಸ್ತುಸಂಗ್ರಹಾಲಯ ನೋಡಿದೆ. ಬಯಲಲ್ಲಿ ಒಂದು ಇಡೀ ಹಳ್ಳಿ: ಕುಂಬಾರ, ನೇಕಾರ, ಕ್ಷೌರಿಕ, ಚಮ್ಮಾರ. ಎಲ್ಲರೂ ಆಳೆತ್ತರದ ಸಿಮೆಂಟ್ ಶಿಲ್ಪಗಳು. ಮಾಡಿದವರ ಕೈಗುಣ ದೊಡ್ಡದು, ಅದರ ಬಗ್ಗೆ ತಕರಾರಿಲ್ಲ.

ತಕರಾರು ಇರೋದು ಆ ಹಳ್ಳಿಯ ಬಗ್ಗೆ. ಇದು ಗಾಂಧೀಜಿ ಕಂಡ ಸ್ವಾವಲಂಬಿ ಗ್ರಾಮವಂತೆ. ಹನ್ನೆರಡು ಬಲುತೇದಾರರು, ಹದಿನೆಂಟು ಅಲುತೇದಾರರು. ನಮ್ಮ ಕಡೆ ಆಯಗಾರರು ಅಂತೀವಿ. ಯಾರ ಸ್ವಾವಲಂಬನೆ ಇದು? ಆಯ ಅಂದರೆ ಕೂಲಿಯಲ್ಲ. ವರ್ಷವಿಡೀ ದುಡಿದು, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು, ಕೊಟ್ಟಷ್ಟು ತಗೊಂಡು ಹೋಗೋದು. ಶಿಲ್ಪದಲ್ಲಿ ಕಸುಬು ಕಾಣುತ್ತದೆ, ಕಸುಬಿಗೆ ಮನುಷ್ಯನನ್ನು ಕಟ್ಟಿದ ಹಗ್ಗ ಕಾಣುವುದಿಲ್ಲ. ನೋಡುವವರು ಒಂದೇ ದಾರಿಯಲ್ಲಿ ಎಲ್ಲರ ಬಾಗಿಲಿಗೂ ಹೋಗುತ್ತಾರೆ. ನಿಜವಾದ ಊರಲ್ಲಿ ಆ ದಾರಿ ಎಲ್ಲರಿಗೂ ಇತ್ತೇನು?

ಇದೇ ಕೊಲ್ಲಾಪುರ ಸಂಸ್ಥಾನದಲ್ಲಿ ಶಾಹು ಮಹಾರಾಜರು 1918ರಲ್ಲಿ ಬಲುತೇದಾರಿಯನ್ನು ರದ್ದು ಮಾಡಿದರು. 1920ರಲ್ಲಿ ಇಲ್ಲಿಯ ಮಾಣಗಾವ ಪರಿಷತ್ತಿಗೆ ಅಂಬೇಡ್ಕರ್ ಅಧ್ಯಕ್ಷರಾದರು. 1928ರಲ್ಲಿ ಮಹಾರ ವತನದ ಬಿಟ್ಟಿ ದುಡಿಮೆಯ ವಿರುದ್ಧ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ವೈಭವೀಕರಿಸುವುದನ್ನೇ ತಳ್ಳಿಹಾಕಿದರು. ಕಾನೂನು ಕೆಡವಿದ್ದನ್ನು ಸೌಂದರ್ಯದ ಹೆಸರಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸುವುದು ಬರೀ ಕಲೆಯ ಮಾತಲ್ಲ, ರಾಜಕಾರಣ.

ಹಂಗಾದ್ರ ಶಿಲ್ಪ ಒಡೀಬೇಕೇನು? ಬ್ಯಾಡ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮೇಷ್ಟ್ರುಗಳು ಪ್ರತಿ ಶಿಲ್ಪದ ಮುಂದೆ ಒಂದೇ ಪ್ರಶ್ನೆ ಕೇಳಲಿ: ಈತ ಈ ಕೆಲಸ ಒಲ್ಲೆ ಅಂದಿದ್ದರೆ ಊರು ಏನು ಮಾಡುತ್ತಿತ್ತು?